ಪ್ಯಾಸೇಜ್ ಪೂರ್ತಿ ಓದುತ್ತಾನೆ, ಆದರೂ ಉತ್ತರ ತಪ್ಪುತ್ತದೆ. ತಮ್ಮನಿಗೆ ಹೇಗೆ ಅಭ್ಯಾಸ ಮಾಡಿಸಲಿ?

ತಮ್ಮನ ಅಕ್ಕ

ಎಲ್ಲರಿಗೂ ನಮಸ್ಕಾರ. ನನ್ನ ತಮ್ಮ ಹತ್ತನೇ ಕ್ಲಾಸು. ಪರೀಕ್ಷೆಗೆ ಇನ್ನು ಎರಡೂವರೆ ತಿಂಗಳಿದೆ. ಇಂಗ್ಲಿಷಿನಲ್ಲಿ ವ್ಯಾಕರಣ ಪರವಾಗಿಲ್ಲ. ಪತ್ರ, ಪ್ರಬಂಧ ಒಂದು ಮಟ್ಟಿಗೆ ಬರೆಯುತ್ತಾನೆ. ಪಾಠದ ಪ್ರಶ್ನೆಗಳಂತೂ ಬಾಯಿಪಾಠ. ಪಾಠದಲ್ಲಿಲ್ಲದ ಹೊಸ ಬರಹ ಕೊಟ್ಟು ಪ್ರಶ್ನೆ ಕೇಳುವ ಅನ್‌ಸೀನ್ ಪ್ಯಾಸೇಜ್ ಬಂತು ಅಂದರೆ ಮಾತ್ರ ಮಾರ್ಕ್ಸ್ ಉದುರಿಹೋಗುತ್ತದೆ. ಹತ್ತಕ್ಕೆ ನಾಲ್ಕು, ಕೆಲವು ಸಲ ಮೂರು.

ನಾನೇ ದಿನಾ ಸಂಜೆ ಅವನ ಜೊತೆ ಕೂರುತ್ತೇನೆ. ಅಭ್ಯಾಸದ ಪುಸ್ತಕ ಒಂದನ್ನು ತಂದಿದ್ದೇನೆ. ದಿನಕ್ಕೆ ಮೂರು ಪ್ಯಾಸೇಜ್ ಮಾಡಿಸಿ, ಕೊನೆಯ ಪುಟದ ಉತ್ತರ ನೋಡಿ ಮಾರ್ಕ್ಸ್ ಹಾಕುತ್ತೇನೆ. ತಿಂಗಳಾಯಿತು. 60ಕ್ಕಿಂತ ಜಾಸ್ತಿ ಪ್ಯಾಸೇಜ್ ಮುಗಿದಿವೆ. ಮೊದಲ ದಿನವೂ ನಾಲ್ಕು, ನಿನ್ನೆಯೂ ನಾಲ್ಕು.

ನಿನ್ನೆಯದನ್ನೇ ಹೇಳುತ್ತೇನೆ. ಲೈಟ್‌ಹೌಸ್ ಕಾಯುವ ಒಬ್ಬ ಮುದುಕನ ಕಥೆ. ಪ್ರಶ್ನೆ, ‘ವೈ ಡಿಡ್ ದ ಕೀಪರ್ ರಿಫ್ಯೂಸ್ ದ ನ್ಯೂ ಲ್ಯಾಂಪ್?’ ಹೊಸ ದೀಪವನ್ನು ಯಾಕೆ ಬೇಡ ಅಂದ ಅಂತ. ತಮ್ಮ ಬರೆದದ್ದು, ‘ದ ನ್ಯೂ ಲ್ಯಾಂಪ್ ಕೇಮ್ ಆನ್ ಮಂಡೇ ಇನ್ ಅ ವುಡನ್ ಬಾಕ್ಸ್.’ ದೀಪ ಸೋಮವಾರ ಮರದ ಪೆಟ್ಟಿಗೆಯಲ್ಲಿ ಬಂತಂತೆ! ಸರಿಯಾದ ಉತ್ತರ ಮೂರು ಸಾಲು ಕೆಳಗಿತ್ತು. ಆ ದೀಪವನ್ನು ಹೇಗೆ ಹಚ್ಚುವುದು ಅಂತ ಹೇಳಿಕೊಡುವವರು ಮುದುಕನಿಗೆ ಯಾರೂ ಇರಲಿಲ್ಲ, ಇನ್ನೊಬ್ಬರನ್ನು ಕೇಳಲು ಮನಸ್ಸು ಒಪ್ಪಲಿಲ್ಲ.

ಇನ್ನೊಂದು ಪ್ರಶ್ನೆ, ದೋಣಿ ಹೊರಟಾಗ ಮುದುಕನಿಗೆ ಹೇಗನ್ನಿಸಿತು? ಪ್ಯಾಸೇಜಿನಲ್ಲಿ ‘ಹಿ ಸ್ಟುಡ್ ಆನ್ ದ ಸ್ಟೆಪ್ಸ್ ಅಂಟಿಲ್ ಹಿ ಕುಡ್ ನೋ ಲಾಂಗರ್ ಟೆಲ್ ದ ಬೋಟ್ ಫ್ರಮ್ ದ ವೇವ್ಸ್’ ಅಂತ ಇದೆ. ತಮ್ಮ ‘ಹಿ ಸ್ಟುಡ್ ಆನ್ ದ ಸ್ಟೆಪ್ಸ್’ ಅಂತ ಬರೆದು ಮುಂದೆ ಹೋಗಿದ್ದಾನೆ. ನಾನು ಕೇಳಿದರೆ, ‘ಅಕ್ಕಾ, ಬೇಜಾರಾಯ್ತು ಅಂತ ಅದರಲ್ಲಿ ಎಲ್ಲಿ ಬರೆದಿದೆ ತೋರಿಸು’ ಅನ್ನುತ್ತಾನೆ. ನನ್ನ ಹತ್ತಿರ ಉತ್ತರ ಇರಲಿಲ್ಲ.

ಅವನು ದಡ್ಡನಲ್ಲ. ಚೆಸ್ ಅಂದರೆ ಪ್ರಾಣ. ಚೆಸ್ ಆಟಗಳ ವಿವರಣೆಯನ್ನು ಇಂಗ್ಲಿಷಿನಲ್ಲೇ ಓದುತ್ತಾನೆ, ಅದರಲ್ಲಿ ಬರುವ ಪದಗಳು ನನಗೇ ಗೊತ್ತಿಲ್ಲ. ಅದು ಅರ್ಥವಾಗುವ ಹುಡುಗನಿಗೆ ಇದು ಯಾಕೆ ಆಗುವುದಿಲ್ಲ? ಇನ್ನೂ ಜಾಸ್ತಿ ಪ್ಯಾಸೇಜ್ ಮಾಡಿಸಬೇಕಾ? ಯಾರಾದರೂ ದಾರಿ ತೋರಿಸಿ.

ಪದಗಳ ಡಬ್ಬಿ

ಪದಸಂಪತ್ತು ಕಮ್ಮಿ ಇರಬೇಕು. ದಿನಕ್ಕೆ 20 ಹೊಸ ಪದ ಬರೆಸಿ, ಅರ್ಥ ಬಾಯಿಪಾಠ ಮಾಡಿಸಿ. ನನ್ನ ಮಗಳಿಗೆ ಹಾಗೆ ಮಾಡಿಸಿದ್ದೆ, ಸ್ವಲ್ಪ ಸುಧಾರಿಸಿತು. ಇಂಗ್ಲಿಷ್ ಪತ್ರಿಕೆ ಓದುವ ಅಭ್ಯಾಸವೂ ಆಗಲಿ.

ನಿವೃತ್ತ ಟೀಚರ್

ನೋಡಮ್ಮ, ನಾನು 27 ವರ್ಷ ಹೈಸ್ಕೂಲಿನಲ್ಲಿ ಇಂಗ್ಲಿಷ್ ಹೇಳಿಕೊಟ್ಟವಳು. ನೀನು ಬರೆದ ಆ ಎರಡು ಉತ್ತರಗಳನ್ನು ಓದಿದ ಕೂಡಲೇ ನನ್ನ ಎಷ್ಟೋ ಮಕ್ಕಳ ಮುಖ ಕಣ್ಣ ಮುಂದೆ ಬಂತು. ನಿನ್ನ ತಮ್ಮ ಪ್ಯಾಸೇಜ್ ಓದುತ್ತಿಲ್ಲ. ಪದ ಹುಡುಕುತ್ತಿದ್ದಾನೆ. ಪ್ರಶ್ನೆಯಲ್ಲಿ ‘ನ್ಯೂ ಲ್ಯಾಂಪ್’ ಕಂಡಿತು, ಪ್ಯಾಸೇಜಿನಲ್ಲಿ ‘ನ್ಯೂ ಲ್ಯಾಂಪ್’ ಎಲ್ಲಿದೆ ಅಂತ ನೋಡಿದ, ಆ ಸಾಲನ್ನು ಎತ್ತಿ ಬರೆದ. ಈ ಉಪಾಯ ಚಿಕ್ಕ ಕ್ಲಾಸುಗಳಲ್ಲಿ ನಡೆಯುತ್ತದೆ, ಮಾರ್ಕ್ಸೂ ಬರುತ್ತದೆ. ಅದಕ್ಕೇ ಮಕ್ಕಳು ಅದನ್ನು ಬಿಡುವುದಿಲ್ಲ. ಮೇಲಿನ ಕ್ಲಾಸಿಗೆ ಬಂದಾಗ ಪ್ರಶ್ನೆ ತೆಗೆಯುವವರು ಬೇಕೆಂದೇ ಪದ ಬದಲಾಯಿಸುತ್ತಾರೆ. ಆಗ ಕೈಕೊಡುತ್ತದೆ.

ಹಾಗಾಗಿ ದಿನಕ್ಕೆ ಮೂರು ಪ್ಯಾಸೇಜ್ ಮಾಡಿಸುವುದನ್ನು ನಾಳೆಯಿಂದಲೇ ನಿಲ್ಲಿಸು. 60 ಪ್ಯಾಸೇಜಿನಲ್ಲಿ ಅವನು 60 ಸಲ ಅದೇ ತಪ್ಪನ್ನು ಅಭ್ಯಾಸ ಮಾಡಿದ್ದಾನೆ. ಬೇಜಾರು ಮಾಡಿಕೊಳ್ಳಬೇಡ, ನಾನೂ ಮೊದಮೊದಲು ಇದನ್ನೇ ಮಾಡಿಸುತ್ತಿದ್ದೆ. ಮೂರು ದಿನಕ್ಕೆ ಒಂದು ಪ್ಯಾಸೇಜ್ ಸಾಕು.

ಮೊದಲ ದಿನ ಪ್ರಶ್ನೆಗಳನ್ನು ಕಾಗದದಿಂದ ಮುಚ್ಚಿಬಿಡು. ಒಂದೊಂದು ಪ್ಯಾರಾ ಓದಿದ ಮೇಲೆ ಪುಸ್ತಕ ಮಗುಚಿ ಹಾಕಲಿ. ‘ಏನಾಯ್ತು ಹೇಳು’ ಅನ್ನು. ಕನ್ನಡದಲ್ಲೇ ಹೇಳಲಿ. ಇಂಗ್ಲಿಷ್ ಪ್ಯಾಸೇಜಿಗೆ ಇಂಗ್ಲಿಷಿನಲ್ಲೇ ಹೇಳಬೇಕು ಅಂತ ಒತ್ತಾಯ ಮಾಡಿದರೆ ಅವನು ಮತ್ತೆ ಸಾಲುಗಳನ್ನೇ ಒಪ್ಪಿಸುತ್ತಾನೆ. ಕನ್ನಡದಲ್ಲಿ ಹೇಳಬೇಕಾದರೆ ಅರ್ಥವನ್ನು ಹಿಡಿಯಲೇಬೇಕು, ತಪ್ಪಿಸಿಕೊಳ್ಳುವ ಹಾಗಿಲ್ಲ. ಎಲ್ಲಿ ತಡವರಿಸುತ್ತಾನೋ ಅಲ್ಲೇ ಅವನ ತೊಂದರೆ ಇದೆ. ಆ ಸಾಲಿಗೆ ಪೆನ್ಸಿಲ್ ಗುರುತು ಹಾಕು, ಆಗಲೇ ವಿವರಿಸಲು ಹೋಗಬೇಡ.

ಎರಡನೇ ದಿನ ಆ ಗುರುತಿನ ಸಾಲುಗಳನ್ನು ಬಿಚ್ಚಿ ನೋಡಿ. ನಮ್ಮ ಮಕ್ಕಳು ಎಡವುವ ಜಾಗ ಬಹುತೇಕ ಒಂದೇ. ಕನ್ನಡದಲ್ಲಿ ‘ಹಾಲ್‌ನಲ್ಲಿದ್ದ ಗಡಿಯಾರಗಳನ್ನು ರಿಪೇರಿ ಮಾಡಿದ ಮನುಷ್ಯ’ ಅನ್ನುತ್ತೇವೆ. ವಿವರ ಎಲ್ಲ ಮುಂಚೆ, ಮನುಷ್ಯ ಕೊನೆಗೆ. ಇಂಗ್ಲಿಷಿನಲ್ಲಿ ಮನುಷ್ಯ ಮೊದಲು ಬಂದು ನಿಲ್ಲುತ್ತಾನೆ, ವಿವರ ಹಿಂದೆ ಬಾಲದ ಹಾಗೆ ಬರುತ್ತದೆ. ‘ದ ಮ್ಯಾನ್ ಹೂ ರಿಪೇರ್ಡ್ ದ ಕ್ಲಾಕ್ಸ್ ದಟ್ ಹಂಗ್ ಇನ್ ದ ಹಾಲ್ ಲೆಫ್ಟ್ ಅರ್ಲಿ.’ ಇಲ್ಲಿ ‘ಲೆಫ್ಟ್’ ಓದುವ ಹೊತ್ತಿಗೆ ಮನುಷ್ಯ ಮರೆತುಹೋಗಿರುತ್ತಾನೆ, ಹಾಲ್ ನೆನಪಿರುತ್ತದೆ. ಹೂ, ವಿಚ್, ದಟ್ ಇಂದ ಶುರುವಾಗುವ ಬಾಲಗಳಿಗೆ ಪೆನ್ಸಿಲಿನಲ್ಲಿ ಕಂಸ ಹಾಕಿಸು. ಕಂಸ ಬಿಟ್ಟು ಓದಿಸು. ‘ದ ಮ್ಯಾನ್ ಲೆಫ್ಟ್ ಅರ್ಲಿ.’ ಅಷ್ಟೇ! ಆ ಸಾಲಿನ ಜೀವ ಅದು. ಆಮೇಲೆ ಬಾಲ ಸೇರಿಸಿಕೊಂಡು ಓದಲಿ.

ಇನ್ನೊಂದು ಜಾಗ ಇಟ್, ದೇ, ದಿಸ್, ಹಿಸ್ ಇಂಥ ಪುಟ್ಟ ಪದಗಳು. ಕನ್ನಡದಲ್ಲಿ ‘ಹೋದಳು’ ಅಂದರೆ ಸಾಕು, ಹೋದದ್ದು ಹೆಂಗಸು ಅಂತ ಕ್ರಿಯಾಪದವೇ ಹೇಳಿಬಿಡುತ್ತದೆ. ಇಂಗ್ಲಿಷಿನ ‘ವೆಂಟ್’ಗೆ ಆ ಶಕ್ತಿ ಇಲ್ಲ. ಭಾರವೆಲ್ಲ ಶಿ, ಹಿ, ಇಟ್ ಮೇಲೆ. ಮಕ್ಕಳು ಈ ಪದಗಳನ್ನು ನೋಡಿಯೂ ನೋಡದ ಹಾಗೆ ದಾಟುತ್ತಾರೆ. ಪ್ರತಿಯೊಂದರಿಂದ ಹಿಂದಕ್ಕೆ ಒಂದು ಬಾಣ ಎಳೆಯಲಿ, ಅದು ಯಾರನ್ನು, ಯಾವುದನ್ನು ತೋರಿಸುತ್ತದೆ ಅಂತ. ಸಾಲಿನ ಶುರುವಿನಲ್ಲೇ ‘ದಿಸ್’ ಬಂದರೆ ಹುಷಾರು. ಅದು ಎಷ್ಟೋ ಸಲ ಹಿಂದಿನ ಇಡೀ ಮಾತನ್ನೇ ತೋರಿಸುತ್ತಿರುತ್ತದೆ, ಒಂದು ವಸ್ತುವನ್ನಲ್ಲ.

ಮೂರನೇ ದಿನ ಪ್ರಶ್ನೆಗಳು. ಇಲ್ಲಿ ಒಂದೇ ನಿಯಮ. ಉತ್ತರ ಬರೆಯುವ ಮೊದಲು ಸಾಕ್ಷಿಯ ಸಾಲಿನ ಮೇಲೆ ಬೆರಳಿಡಬೇಕು. ‘ಇದು ಯಾಕೆ ಉತ್ತರ?’ ಅಂತ ನೀನು ಕೇಳಬೇಕು, ಅವನು ಹೇಳಬೇಕು. ‘ಯಾಕೆ’ ಅಂತ ಪ್ರಶ್ನೆ ಇದ್ದರೆ ಬೆರಳಿಟ್ಟ ಸಾಲನ್ನು ‘ಯಾಕಂದರೆ’ ಅಂತ ಸೇರಿಸಿ ಓದಲಿ. ‘ಹೊಸ ದೀಪ ಬೇಡ ಅಂದ, ಯಾಕಂದರೆ ಅದು ಸೋಮವಾರ ಪೆಟ್ಟಿಗೆಯಲ್ಲಿ ಬಂತು.’ ಹೀಗೆ ಬಾಯಲ್ಲಿ ಹೇಳಿದ ಕೂಡಲೇ ಅವನಿಗೇ ಗೊತ್ತಾಗುತ್ತದೆ.

ದೋಣಿಯ ಪ್ರಶ್ನೆಗೆ ಬರೋಣ. ಅವನು ನಿನ್ನನ್ನು ಕೇಳಿದ ಪ್ರಶ್ನೆ ತುಂಬಾ ಒಳ್ಳೆಯದು. ಬೇಜಾರಾಯಿತು ಅಂತ ಎಲ್ಲೂ ಬರೆದಿಲ್ಲ, ನಿಜ. ಆದರೆ ಚೆಸ್ ಆಡುವ ಹುಡುಗನಿಗೆ ನಾನು ಹೀಗೆ ಹೇಳುತ್ತೇನೆ. ಎದುರಿನವನು ಕುದುರೆಯನ್ನು ಒಂದು ಮನೆಗೆ ಇಟ್ಟ. ‘ಮುಂದಿನ ಸಲ ನಿನ್ನ ರಾಣಿಯನ್ನು ಹೊಡೆಯುತ್ತೇನೆ’ ಅಂತ ಅವನು ಬಾಯಿಬಿಟ್ಟು ಹೇಳುತ್ತಾನಾ? ನಡೆ ನೋಡಿ ನೀನೇ ಊಹಿಸುತ್ತೀಯ ಅಲ್ವಾ? ಕಥೆಯಲ್ಲೂ ಹಾಗೆ. ಅಲೆ ಯಾವುದು, ದೋಣಿ ಯಾವುದು ಅಂತ ಗೊತ್ತಾಗದಷ್ಟು ದೂರ ಹೋಗುವ ತನಕ ಒಬ್ಬ ಮನುಷ್ಯ ಮೆಟ್ಟಿಲ ಮೇಲೆ ನಿಂತಿದ್ದಾನೆ. ಅದು ಅವನ ನಡೆ. ಹೋಗುವವರು ಹೋಗುವುದು ಬೇಡವಾಗಿದ್ದ ಮನುಷ್ಯನೇ ಹಾಗೆ ನಿಲ್ಲುವುದು. ಉತ್ತರದಲ್ಲಿ ಎರಡೂ ಬರಬೇಕು, ಭಾವನೆಯ ಒಂದು ಪದ, ಅದಕ್ಕೆ ಸಾಕ್ಷಿಯಾದ ನಡೆ. ಬರೀ ‘ಸ್ಯಾಡ್’ ಅಂತ ಬರೆದರೂ ಅರ್ಧ, ಬರೀ ‘ಸ್ಟುಡ್ ಆನ್ ದ ಸ್ಟೆಪ್ಸ್’ ಅಂತ ಬರೆದರೂ ಅರ್ಧ.

ಚೆಸ್ ವಿವರಣೆ ಅವನಿಗೆ ಯಾಕೆ ಅರ್ಥವಾಗುತ್ತದೆ ಅಂತ ಕೇಳಿದ್ದೀಯ. ವಿಷಯ ಗೊತ್ತಿದ್ದರೆ ಓದು ಹಗುರವಾಗುತ್ತದೆ. ಡೋನಾ ರೆಕ್ಟ್, ಲಾರೆನ್ ಲೆಸ್ಲಿ ಅನ್ನುವ ಇಬ್ಬರು ಸಂಶೋಧಕರು 1988ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಏಳು, ಎಂಟನೇ ಕ್ಲಾಸಿನ 64 ಮಕ್ಕಳಿಗೆ ಬೇಸ್‌ಬಾಲ್ ಆಟದ ಒಂದು ಭಾಗದ ವರ್ಣನೆ ಓದಿಸಿದರು. ಓದಿನಲ್ಲಿ ಹಿಂದಿದ್ದರೂ ಆಟ ಚೆನ್ನಾಗಿ ಗೊತ್ತಿದ್ದ ಮಕ್ಕಳು, ಓದಿನಲ್ಲಿ ಮುಂದಿದ್ದು ಆಟ ಗೊತ್ತಿಲ್ಲದ ಮಕ್ಕಳಿಗಿಂತ ಚೆನ್ನಾಗಿ ಅರ್ಥ ಮಾಡಿಕೊಂಡಿದ್ದರು. ನಿನ್ನ ತಮ್ಮನಿಗೆ ಓದುವ ಶಕ್ತಿ ಇದೆ ಅನ್ನುವುದಕ್ಕೆ ಅವನ ಚೆಸ್ಸೇ ಸಾಕ್ಷಿ. ಕಡಲು, ಹಕ್ಕಿಗಳ ವಲಸೆ, ಹಳೆಯ ಯಂತ್ರಗಳು, ರೋಗಗಳ ಇತಿಹಾಸ, ಹೀಗೆ ಪರೀಕ್ಷೆಯ ಪ್ಯಾಸೇಜುಗಳು ಓಡಾಡುವ ವಿಷಯಗಳನ್ನು ಕನ್ನಡದಲ್ಲೇ ಓದಿಕೊಂಡಿದ್ದರೂ ಇಂಗ್ಲಿಷ್ ಪ್ಯಾಸೇಜ್ ಹಗುರವಾಗುತ್ತದೆ.

ತುಂಬಾ ಉದ್ದವಾಯಿತು. ಪದಗಳ ಬಗ್ಗೆ ಇನ್ನೊಂದು ದಿನ ಬರೆಯುತ್ತೇನೆ. 20 ಪದ ಬಾಯಿಪಾಠ ಮಾಡಿಸುವುದನ್ನು ಮಾತ್ರ ಈಗಲೇ ಶುರು ಮಾಡಬೇಡ.

ತಮ್ಮನ ಅಕ್ಕ

ಟೀಚರ್, ಎಷ್ಟು ಥ್ಯಾಂಕ್ಸ್ ಹೇಳಿದರೂ ಸಾಲದು. ಕುದುರೆಯ ಉದಾಹರಣೆ ಹೇಳಿದಾಗ ತಮ್ಮ ಸುಮ್ನೆ ಕೂತುಬಿಟ್ಟ. ಆಮೇಲೆ ತಾನೇ ಪುಸ್ತಕ ತೆಗೆದು ಆ ಮೆಟ್ಟಿಲ ಸಾಲನ್ನು ಇನ್ನೊಂದು ಸಲ ಓದಿದ.

ಒಂದು ಸಂದೇಹ. ‘ಇದೇ ಅರ್ಥದ ಪದ ಹುಡುಕಿ’ ಅನ್ನುವ ಪ್ರಶ್ನೆಗಳಲ್ಲೂ ಅವನು ತಪ್ಪುತ್ತಾನೆ. ಡಿಕ್ಷನರಿ ನೋಡಿ ಕಲಿತ ಪದವನ್ನೂ ತಪ್ಪಾಗಿ ಬರೆಯುತ್ತಾನೆ. ಹಾಗಾದರೆ ಪದ ಕಲಿಸುವುದೇ ಬೇಡವಾ? ಮತ್ತೆ, ಪರೀಕ್ಷೆಯಲ್ಲಿ ಮೂರು ದಿನ ಕೊಡುವುದಿಲ್ಲವಲ್ಲ, ಸಮಯ ಹೇಗೆ ಸಾಲುತ್ತದೆ?

ಹೋದ ವರ್ಷ ಬರೆದವನು

ಅಕ್ಕ, ನಾನು ಹೋದ ವರ್ಷ ಹತ್ತನೇ ಕ್ಲಾಸು ಮುಗಿಸಿದೆ. ಸಮಯದ ಬಗ್ಗೆ ನನ್ನ ಅನುಭವ ಹೇಳುತ್ತೇನೆ. ಟೀಚರ್ ಪ್ರಶ್ನೆ ಮುಚ್ಚಿ ಓದಿಸು ಅಂದಿದ್ದಾರೆ. ನನಗೆ ಪರೀಕ್ಷೆಯಲ್ಲಿ ಉಪಯೋಗಕ್ಕೆ ಬಂದದ್ದು ಅದಕ್ಕೆ ಉಲ್ಟಾ. ಪ್ರಶ್ನೆಗಳನ್ನು ಮೊದಲು ಓದುತ್ತಿದ್ದೆ. ಯಾವುದಕ್ಕೆ ಗಮನ ಕೊಡಬೇಕು ಅಂತ ಗೊತ್ತಾಗುತ್ತಿತ್ತು, ಗಾಬರಿ ಕಮ್ಮಿಯಾಗುತ್ತಿತ್ತು.

ನಾನು ಕಂಡ ಹಾಗೆ ಯಾರು, ಯಾವಾಗ, ಎಲ್ಲಿ ಅನ್ನುವ ಪ್ರಶ್ನೆಗಳು ಹೆಚ್ಚಾಗಿ ಪ್ಯಾಸೇಜಿನ ಕ್ರಮದಲ್ಲೇ ಬರುತ್ತವೆ. ಎರಡನೆಯದರ ಉತ್ತರ ಎರಡನೇ ಪ್ಯಾರಾದಲ್ಲಿ, ನಾಲ್ಕನೆಯದರ ಉತ್ತರ ಮೂರನೇ ಪ್ಯಾರಾದಲ್ಲಿ ಸಿಕ್ಕರೆ, ಮೂರನೆಯದು ಅವೆರಡರ ನಡುವೆಯೇ ಇರಬೇಕು. ತಲೆಬರಹ ಕೊಡಿ, ಲೇಖಕರ ಉದ್ದೇಶ ಏನು, ಇಂಥವನ್ನು ಕೊನೆಗೆ ಬಿಡುತ್ತಿದ್ದೆ. ಒಂದು ಪ್ರಶ್ನೆಗೆ ಸಿಕ್ಕಿಹಾಕಿಕೊಂಡರೆ ಜಾಗ ಬಿಟ್ಟು ಮುಂದೆ ಹೋಗುತ್ತಿದ್ದೆ. ಪ್ರಿಪರೇಟರಿ ಪರೀಕ್ಷೆಯಲ್ಲಿ ಒಂದೇ ಮಾರ್ಕ್ಸಿನ ಪ್ರಶ್ನೆಗೆ ಒಂಬತ್ತು ನಿಮಿಷ ಕಳೆದಿದ್ದೆ. ಕೊನೆಗೆ ಪತ್ರ ಅರ್ಧಕ್ಕೆ ನಿಂತಿತು. ಅದು ಈಗಲೂ ನೆನಪಿದೆ.

ನಿವೃತ್ತ ಟೀಚರ್

ಮಗು, ನೀನು ಹೇಳಿದ್ದು ನಿನಗೆ ಸರಿ. ನಿನಗೆ ಓದಲು ಬರುತ್ತಿತ್ತು, ಹಾಗಾಗಿ ಪ್ರಶ್ನೆ ಮೊದಲು ನೋಡಿದ್ದು ದಾರಿ ತೋರಿಸಿತು. ಪದ ಹುಡುಕುವ ಅಭ್ಯಾಸ ಇರುವ ಹುಡುಗನಿಗೆ ಅದೇ ಉಪಾಯ ಕೊಟ್ಟರೆ ಅವನ ರೋಗಕ್ಕೆ ಇನ್ನಷ್ಟು ಬಲ ಬರುತ್ತದೆ. ಮೊದಲ ಒಂದು ತಿಂಗಳು ಮುಚ್ಚಿಯೇ ಓದಲಿ. ಪರೀಕ್ಷೆ ಹತ್ತಿರ ಬಂದಾಗ ಎರಡೂ ರೀತಿ ಮಾಡಿ ನೋಡಿ, ಯಾವುದರಲ್ಲಿ ಮಾರ್ಕ್ಸ್ ಜಾಸ್ತಿ ಬರುತ್ತದೋ ಅದನ್ನೇ ಇಟ್ಟುಕೊಳ್ಳಲಿ. ಜಾಗ ಬಿಟ್ಟು ಮುಂದೆ ಹೋಗುವ ಮಾತನ್ನು ನಾನೂ ಒಪ್ಪುತ್ತೇನೆ.

ಸಮಯದ ಲೆಕ್ಕ ಹೇಳುತ್ತೇನಮ್ಮ. ಇಂಗ್ಲಿಷ್ ಮಾತೃಭಾಷೆಯಾದ ದೊಡ್ಡವರು ಮನಸ್ಸಿನಲ್ಲಿ ಓದುವ ವೇಗ ಸರಾಸರಿ ನಿಮಿಷಕ್ಕೆ 238 ಪದ ಅಂತ ಮಾರ್ಕ್ ಬ್ರಿಸ್‌ಬಾರ್ಟ್ 2019ರಲ್ಲಿ ಎಷ್ಟೋ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ಲೆಕ್ಕ ಹಾಕಿದ್ದಾರೆ, ಕಥೆಯಲ್ಲದ ಬರಹಕ್ಕೆ. ನಿನ್ನ ತಮ್ಮ ಅದರ ಅರ್ಧ ವೇಗಕ್ಕಿಂತ ಕಮ್ಮಿ, ನಿಮಿಷಕ್ಕೆ 100 ಪದ ಓದಿದರೂ 400 ಪದದ ಪ್ಯಾಸೇಜ್ ನಾಲ್ಕು ನಿಮಿಷಕ್ಕೆ ಮುಗಿಯಿತು. ಎರಡು ಸಲ ಓದಿದರೆ ಎಂಟು. ಸಮಯ ಹೋಗುವುದು ಓದುವುದರಲ್ಲಿ ಅಲ್ಲ. ಒಂದೊಂದು ಪ್ರಶ್ನೆಗೂ ಮೊದಲ ಸಾಲಿನಿಂದ ಮತ್ತೆ ಹುಡುಕಲು ಶುರು ಮಾಡುವುದರಲ್ಲಿ. ಓದುವಾಗಲೇ ಪ್ರತಿ ಪ್ಯಾರಾದ ಪಕ್ಕದಲ್ಲಿ ಎರಡು ಪದ ಬರೆದುಕೊಳ್ಳಲಿ. ‘ದೀಪ ಬಂತು’, ‘ಬೇಡ ಅಂದ’, ‘ದೋಣಿ ಹೋಯ್ತು’. ಕನ್ನಡದಲ್ಲೇ ಇರಲಿ, ಅದಕ್ಕೇನು. ಆಮೇಲೆ ಪ್ರಶ್ನೆ ನೋಡಿದ ಕೂಡಲೇ ಯಾವ ಪ್ಯಾರಾಕ್ಕೆ ಹೋಗಬೇಕು ಅಂತ ಗೊತ್ತಿರುತ್ತದೆ.

ಇನ್ನು ಪದಗಳು. ಕಲಿಸಬೇಡ ಅಂದಿಲ್ಲ, ಪಟ್ಟಿ ಬಾಯಿಪಾಠ ಬೇಡ ಅಂದೆ. ಪದಸಂಪತ್ತು ಮುಖ್ಯ ಅಂದವರ ಮಾತನ್ನು ತಳ್ಳಿಹಾಕುತ್ತಿಲ್ಲ. ಯಾರ ಸಹಾಯವೂ ಇಲ್ಲದೆ ಓದಿ ಅರ್ಥ ಮಾಡಿಕೊಳ್ಳಲು ಸುಮಾರು 98 ಪರ್ಸೆಂಟ್ ಪದ ಗೊತ್ತಿರಬೇಕು ಅನ್ನುವುದು ಮಾರ್ಸೆಲಾ ಹೂ ಮತ್ತು ಪಾಲ್ ನೇಶನ್ ಅನ್ನುವ ಸಂಶೋಧಕರು 2000ದಲ್ಲಿ ಮಾಡಿದ ಅಧ್ಯಯನದ ಮಾತು. 98 ಅಂದರೆ 50 ಪದಕ್ಕೆ ಒಂದು ಹೊಸದು. 400 ಪದದ ಪ್ಯಾಸೇಜಿನಲ್ಲಿ ಎಂಟು. ತಮ್ಮನಿಗೆ ಗೊತ್ತಿಲ್ಲದ ಪದಗಳಿಗೆ ಗೆರೆ ಹಾಕಿಸಿ ಎಣಿಸು. ಎಂಟು ಹತ್ತು ಇದ್ದರೆ ಪದದ ಕೊರತೆ ದೊಡ್ಡದಲ್ಲ. 30 ದಾಟಿದರೆ ಆ ಪುಸ್ತಕವೇ ಅವನಿಗೆ ಈಗ ಭಾರ, ಒಂದು ಮೆಟ್ಟಿಲು ಕೆಳಗಿನದು ತೆಗೆದುಕೋ. ಕೆಳಗಿನ ಕ್ಲಾಸಿನ ಪುಸ್ತಕ ಅಂತ ಅವನು ನಾಚಿಕೊಳ್ಳುವ ಹಾಗೆ ಮಾತ್ರ ಮಾಡಬೇಡ. ರಟ್ಟಿಗೆ ಕಾಗದ ಹಾಕಿಕೊಡು.

ಡಿಕ್ಷನರಿ ಅರ್ಥ ಯಾಕೆ ಕೈಕೊಡುತ್ತದೆ ಅಂದರೆ, ಪದ ಸಾಲಿಗೆ ಬಂದಾಗ ಬಣ್ಣ ಬದಲಾಯಿಸುತ್ತದೆ. ‘ದ ರೋಡ್ ವಾಸ್ ಟ್ರೆಚರಸ್. ಟು ಕಾರ್ಟ್ಸ್ ಹ್ಯಾಡ್ ಸ್ಲಿಪ್ಡ್ ಇಂಟು ದ ವ್ಯಾಲಿ ದಟ್ ವೀಕ್.’ ಡಿಕ್ಷನರಿಯಲ್ಲಿ ಟ್ರೆಚರಸ್ ಅಂದರೆ ನಂಬಿಕೆದ್ರೋಹ ಮಾಡುವ ಅಂತ ಮೊದಲು ಸಿಗುತ್ತದೆ. ನನ್ನ ಕ್ಲಾಸಿನಲ್ಲಿ ಅರ್ಧಕ್ಕರ್ಧ ಮಕ್ಕಳು ಅದನ್ನೇ ಬರೆದಿದ್ದರು. ರಸ್ತೆ ದ್ರೋಹ ಮಾಡುತ್ತದಾ? ಪಕ್ಕದ ಸಾಲು ನೋಡಿ, ಎರಡು ಗಾಡಿ ಕಣಿವೆಗೆ ಜಾರಿವೆ. ಅಪಾಯದ ರಸ್ತೆ ಅಂತ ಅರ್ಥ. ತಮ್ಮನಿಗೆ ಒಂದು ಪರೀಕ್ಷೆ ಹೇಳಿಕೊಡು. ತಾನು ಆರಿಸಿದ ಪದವನ್ನು ಹಳೆಯ ಪದ ಇದ್ದ ಜಾಗದಲ್ಲಿ ಇಟ್ಟು ಇಡೀ ಸಾಲು ಓದಲಿ. ಸಾಲು ಕುಂಟಿದರೆ ಪದ ತಪ್ಪು. ಕೇಳಿರುವುದು ಕ್ರಿಯಾಪದವಾದರೆ ಉತ್ತರವೂ ಕ್ರಿಯಾಪದವೇ, ಅದೇ ಕಾಲದಲ್ಲೇ.

ನನಗೆ ದೊಡ್ಡ ಪದಗಳಿಗಿಂತ ಚಿಕ್ಕ ಪದಗಳದ್ದೇ ಚಿಂತೆ. ‘ಹಿ ವರ್ಕ್ಡ್ ಹಾರ್ಡ್’ ಅಂದರೆ ಕಷ್ಟಪಟ್ಟು ದುಡಿದ. ‘ಹಿ ಹಾರ್ಡ್ಲಿ ವರ್ಕ್ಡ್’ ಅಂದರೆ ಕೆಲಸವನ್ನೇ ಮಾಡಲಿಲ್ಲ ಅನ್ನುವಷ್ಟು ಕಮ್ಮಿ. ‘ಅ ಫ್ಯೂ ಫ್ರೆಂಡ್ಸ್ ಕೇಮ್’ ಅಂದರೆ ನಾಲ್ಕು ಜನ ಬಂದರು, ಸಂತೋಷ. ‘ಫ್ಯೂ ಫ್ರೆಂಡ್ಸ್ ಕೇಮ್’ ಅಂದರೆ ಬಂದವರೇ ಇಲ್ಲ ಅನ್ನುವ ಹಾಗೆ. ಒಂದು ಅಕ್ಷರದಲ್ಲಿ ಕಥೆಯೇ ತಿರುಗಿಬಿಡುತ್ತದೆ. ಅನ್‌ಲೆಸ್, ಆಲ್ದೋ, ನಾಟ್ ಅಂಟಿಲ್, ಸೆಲ್ಡಮ್, ಬೇರ್ಲಿ, ಇವುಗಳಿಗೊಂದು ಪುಟ ಮಾಡು. ‘ಟ್ರೂ ಆರ್ ಫಾಲ್ಸ್’ ಪ್ರಶ್ನೆಗಳು ಬಹಳ ಸಲ ನಿಂತಿರುವುದೇ ಇವುಗಳ ಮೇಲೆ. ನಾಲ್ಕರಲ್ಲಿ ಒಂದು ಆರಿಸುವ ಪ್ರಶ್ನೆಯಲ್ಲಿ ಆಲ್ವೇಸ್, ನೆವರ್, ಓನ್ಲಿ ಇರುವ ಆಯ್ಕೆ ಕಂಡರೆ, ಪ್ಯಾಸೇಜ್ ಅಷ್ಟು ಗಟ್ಟಿಯಾಗಿ ಹೇಳಿದೆಯಾ ಅಂತ ಹಿಂದೆ ಹೋಗಿ ನೋಡಲೇಬೇಕು. ಲೋಕದಲ್ಲಿ ನಿಜ, ಆದರೆ ಪ್ಯಾಸೇಜಿನಲ್ಲಿ ಇಲ್ಲ, ಅಂಥ ಆಯ್ಕೆಯೂ ಒಂದು ಇರುತ್ತದೆ. ಜಾಣ ಮಕ್ಕಳು ಅಲ್ಲೇ ಬೀಳುತ್ತಾರೆ.

ಇನ್ನೊಂದು ಕೆಲಸ ಮಾಡು. ವಾರಕ್ಕೊಮ್ಮೆ ತಮ್ಮ ಮೇಷ್ಟ್ರಾಗಲಿ, ನೀನು ವಿದ್ಯಾರ್ಥಿ. ಅವನೇ ಪ್ರಶ್ನೆ ತೆಗೆಯಲಿ, ನಿನ್ನ ಉತ್ತರಕ್ಕೆ ಮಾರ್ಕ್ಸ್ ಹಾಕಲಿ. 1984ರಲ್ಲಿ ಆನ್‌ಮೇರಿ ಪಾಲಿಂಕ್ಸರ್ ಮತ್ತು ಆನ್ ಬ್ರೌನ್ ಇಂಥ ಒಂದು ಪದ್ಧತಿಯನ್ನು ಪ್ರಯೋಗ ಮಾಡಿದ್ದರು. ಅಕ್ಷರ ಓದಲು ಬಂದರೂ ಅರ್ಥ ಹಿಡಿಯಲು ಕಷ್ಟಪಡುತ್ತಿದ್ದ ಏಳನೇ ಕ್ಲಾಸಿನ ಮಕ್ಕಳೇ ಸರದಿಯ ಮೇಲೆ ಮೇಷ್ಟ್ರಾಗಿ ಪ್ರಶ್ನೆ ಕೇಳುವುದು, ಸಾರಾಂಶ ಹೇಳುವುದು, ಗೊಂದಲ ಬಿಡಿಸುವುದು, ಮುಂದೇನಾಗಬಹುದು ಅಂತ ಊಹಿಸುವುದು. ಮಕ್ಕಳು ಚೆನ್ನಾಗಿಯೇ ಮುಂದೆ ಬಂದರು. ನಾನು ಆ ಪದ್ಧತಿಯ ಹೆಸರು ಕೇಳುವ ಮೊದಲೇ ಕ್ಲಾಸಿನಲ್ಲಿ ಒಂದು ದಿನ ಗಂಟಲು ಕಟ್ಟಿ ಮಾತಾಡಲಾಗದೆ ಮಕ್ಕಳ ಕೈಗೆ ಚಾಕ್ ಕೊಟ್ಟಿದ್ದೆ. ಆ ದಿನ ಅವರು ತೆಗೆದ ಪ್ರಶ್ನೆಗಳು ನನ್ನವಕ್ಕಿಂತ ಕಷ್ಟವಾಗಿದ್ದವು. ಆಮೇಲೆ ಅದನ್ನು ಬಿಡಲಿಲ್ಲ.

ಪದಗಳ ಡಬ್ಬಿ

ಟೀಚರ್, ನಾನು 20 ಪದ ಬಾಯಿಪಾಠ ಅಂದಿದ್ದೆ. ಮಗಳ ಹಳೆಯ ಪಟ್ಟಿ ತೆಗೆದು ಕೇಳಿದೆ. ಅರ್ಥ ಹೇಳಿದಳು, ವಾಕ್ಯ ಮಾಡು ಅಂದರೆ ಹತ್ತರಲ್ಲಿ ಮೂರು ಮಾತ್ರ ಸರಿ. ಇನ್ನು ಮೇಲೆ ಪದದ ಜೊತೆ ಅದು ಸಿಕ್ಕಿದ ಸಾಲನ್ನೂ ಬರೆಸುತ್ತೇನೆ.

ತಮ್ಮನ ಅಕ್ಕ

ಮೂರು ವಾರದ ಮೇಲೆ ಬರೆಯುತ್ತಿದ್ದೇನೆ. ಏಳು ಪ್ಯಾಸೇಜ್ ಮುಗಿದಿವೆ. ಕೇವಲ ಏಳು! ಮೊದಲ ವಾರ ನನಗೇ ಭಯ ಆಗಿತ್ತು, ಸಮಯ ಹಾಳು ಮಾಡುತ್ತಿದ್ದೇನಾ ಅಂತ. ಮೊದಲನೆಯದರಲ್ಲಿ ಐದು ಬಂತು, ಎರಡನೆಯದರಲ್ಲಿ ಮತ್ತೆ ನಾಲ್ಕು. ಆಮೇಲೆ ಆರು, ಆರು, ಏಳು. ಮಧ್ಯೆ ವಿಜ್ಞಾನದ ಪ್ಯಾಸೇಜ್ ಒಂದರಲ್ಲಿ ಐದಕ್ಕೆ ಇಳಿಯಿತು. ಮೊನ್ನೆ ಏಳು.

ಗೊತ್ತಿಲ್ಲದ ಪದ ಎಣಿಸಿದೆವು. ಮೊದಲ ಪುಸ್ತಕದಲ್ಲಿ 34 ಬಂತು. ಪುಸ್ತಕ ಬದಲಾಯಿಸಿದೆ, ರಟ್ಟಿಗೆ ಕಾಗದ ಹಾಕಿದೆ. ಈಗಿನದರಲ್ಲಿ ಹತ್ತು ಹನ್ನೊಂದು ಬರುತ್ತದೆ. ಬಾಣ ಎಳೆಯುವುದು ಅವನಿಗೆ ಇಷ್ಟವಾಗಿದೆ, ಪುಟವೆಲ್ಲ ಬಾಣ. ಭಾನುವಾರ ಅವನೇ ಮೇಷ್ಟ್ರು. ಕೇಳಿದ ಪ್ರಶ್ನೆಗೆ ನಾನು ಒಂದು ಸಾಲನ್ನು ಹಾಗೇ ಎತ್ತಿ ಬರೆದೆ. ‘ಅಕ್ಕಾ, ನೀನೂ ಪದ ಹುಡುಕಿದೆ’ ಅಂದು ಅರ್ಧ ಮಾರ್ಕ್ಸ್ ಕಳೆದ.

ಈಗ ಬರೆಯುತ್ತಿರುವುದು ಒಂದು ಜಗಳದ ಬಗ್ಗೆ. ಮೊನ್ನೆಯ ಪ್ಯಾಸೇಜಿನಲ್ಲಿ ಒಬ್ಬ ತಂದೆಗೆ ಮಗನ ಪತ್ರ ಬರುತ್ತದೆ, ಈ ಸಲವೂ ಬರಲು ಆಗುವುದಿಲ್ಲ ಅಂತ. ‘ಹಿ ಫೋಲ್ಡೆಡ್ ದ ಲೆಟರ್ ಟ್ವೈಸ್, ಮೋರ್ ಕೇರ್‌ಫುಲಿ ದ್ಯಾನ್ ಇಟ್ ನೀಡೆಡ್.’ ತಂದೆಗೆ ಹೇಗನ್ನಿಸಿತು ಅಂತ ಪ್ರಶ್ನೆ. ಪುಸ್ತಕದ ಉತ್ತರ, ಕೋಪ. ತಮ್ಮ ಒಪ್ಪುತ್ತಿಲ್ಲ. ‘ಕೋಪ ಬಂದರೆ ಪತ್ರ ಮುದುರಿ ಎಸೆಯುತ್ತಾರೆ. ಇವರು ಮಡಚಿದ್ದಾರೆ, ಅದೂ ಬೇಕಾದ್ದಕ್ಕಿಂತ ಜಾಸ್ತಿ ಹುಷಾರಾಗಿ. ನೋವಾಗಿದೆ, ತೋರಿಸಿಕೊಳ್ಳುತ್ತಿಲ್ಲ’ ಅನ್ನುತ್ತಾನೆ. ಬೆರಳು ಆ ಸಾಲಿನ ಮೇಲೇ ಇದೆ. ಮಾರ್ಕ್ಸ್ ಕೊಡಲಾ ಬೇಡವಾ?

ನಿವೃತ್ತ ಟೀಚರ್

ಪೂರ್ತಿ ಮಾರ್ಕ್ಸ್ ಕೊಡು. ನಾನಾಗಿದ್ದರೆ ಕೊಡುತ್ತಿದ್ದೆ. ‘ಮೋರ್ ಕೇರ್‌ಫುಲಿ ದ್ಯಾನ್ ಇಟ್ ನೀಡೆಡ್’ ಅನ್ನುವ ಮಾತಿನ ತೂಕವನ್ನು ಅವನು ಹಿಡಿದಿದ್ದಾನೆ, ಪುಸ್ತಕದವರು ಬಿಟ್ಟಿದ್ದಾರೆ. ಅಭ್ಯಾಸದ ಪುಸ್ತಕಗಳ ಉತ್ತರಗಳಲ್ಲೂ ತಪ್ಪು ಇರುತ್ತದೆ ಅಂತ ಅವನಿಗೆ ಹೇಳು. ಪರೀಕ್ಷೆಯಲ್ಲಿ ಇಂಥದ್ದು ಬಂದರೆ ‘ಹರ್ಟ್’ ಅಂತಷ್ಟೇ ಬರೆದು ಬಿಡಬಾರದು. ನಿನ್ನ ಹತ್ತಿರ ವಾದ ಮಾಡಿದನಲ್ಲ, ಅದೇ ಎರಡು ಮಾತನ್ನು ‘ಬಿಕಾಸ್’ ಹಾಕಿ ಬರೆಯಬೇಕು.

ವಿಜ್ಞಾನದ ಪ್ಯಾಸೇಜಿನಲ್ಲಿ ಐದಕ್ಕೆ ಇಳಿಯಿತು ಅಂದೆಯಲ್ಲ. ಕಥೆ ಈಗ ಅವನ ಕೈಗೆ ಸಿಕ್ಕಿದೆ. ಬರುವ ಎರಡು ವಾರ ಬರೀ ಮಾಹಿತಿಯ ಪ್ಯಾಸೇಜ್ ತೆಗೆದುಕೋ. ಕಾರಣ ಯಾವುದು, ಪರಿಣಾಮ ಯಾವುದು ಅಂತ ಪಕ್ಕದಲ್ಲಿ ಗೆರೆ ಎಳೆದು ಬರೆಯಲಿ. ಹಾಗೇ ಆ ವಿಜ್ಞಾನದ ಪ್ಯಾಸೇಜಿನಲ್ಲಿ ಅವನು ತಪ್ಪಿದ ಐದು ಉತ್ತರಗಳನ್ನು ಇಲ್ಲಿ ಹಾಕು. ಪ್ರಶ್ನೆ, ಅವನು ಬರೆದದ್ದು, ಬೆರಳಿಟ್ಟ ಸಾಲು, ಮೂರೂ ಬೇಕು. ನೋಡೋಣ.